ದಡವಿಲ್ಲದ ನೀರು: ಕ್ವಾರಿ ಗುಂಡಿಗೆ ಹಕ್ಕಿ ಯಾವಾಗ ಬರುತ್ತದೆ?

ಮಳೆಗಾಲ ಮುಗಿದ ಮೇಲೊಂದು ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಕಡೆಯ ಹಳೇ ಕಲ್ಲು ಕ್ವಾರಿಯೊಂದಕ್ಕೆ ಹೋಗಿದ್ದೆ. ಕೆಲಸ ನಿಂತು ಕೆಲವು ವರ್ಷವಾದ ಗುಂಡಿ ಅದು. ಮುಕ್ಕಾಲು ಭಾಗ ಹಸಿರು ನೀರು ತುಂಬಿತ್ತು. ಬೈನಾಕ್ಯುಲರ್ ಹಿಡಿದು ಸುತ್ತ ನೋಡಿದೆ. ಅಷ್ಟು ದೊಡ್ಡ ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಇದ್ದದ್ದು ಒಂದೇ ಮೂಲೆಯಲ್ಲಿ. ಎಂಟು ಹಕ್ಕಿ, ಉದ್ದನೆಯ ಕೆಂಪು ಕಾಲುಗಳನ್ನು ನೀರಿನಲ್ಲಿಟ್ಟು ಸಾಲಾಗಿ ನಿಂತಿದ್ದವು. ಮಿಕ್ಕ ಕಡೆಯೆಲ್ಲ ಬರೀ ಕಡಿದ ಬಂಡೆ. ಅಲ್ಲೇ ಕುರಿ ಮೇಯಿಸುತ್ತಿದ್ದವರು ಹೇಳಿದ ಮೇಲೆ ಕಾರಣ ಗೊತ್ತಾಯಿತು. ಆ ಮೂಲೆ, ಕ್ವಾರಿ ನಡೆಯುತ್ತಿದ್ದಾಗ ಲಾರಿ ಇಳಿಯುತ್ತಿದ್ದ ದಾರಿ. ಇಡೀ ಗುಂಡಿಯಲ್ಲಿ ಇಳಿಜಾರು ಇರುವುದು ಅದೊಂದೇ ಜಾಗದಲ್ಲಿ.

ಎದುರು ಬದಿಯ ಬಂಡೆಯ ತುದಿಯಲ್ಲಿ ನಾಲ್ಕೈದು ಹುಡುಗರು ರೀಲ್ಸ್ ಮಾಡುತ್ತಿದ್ದರು. ಒಬ್ಬ ಶರ್ಟ್ ಬಿಚ್ಚಿ ಹಾರಲು ಸಿದ್ಧನಾಗಿದ್ದ. ಕುರಿ ಕಾಯುವವರು ಕೂಗಿ ಗದರಿದರು. ಅವನು ಹಾರಲಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರೂ ಜಿಲ್ಲೆಗಳಲ್ಲಿ ಇಂಥ ಗುಂಡಿಗಳಿವೆ. ಒಳ್ಳೆಯ ಮಳೆಯಾದ ವರ್ಷ ತುಂಬಿಕೊಳ್ಳುತ್ತವೆ. ನೋಡಲು ಚೆಂದ, ಹಾಗಾಗಿ ರಜೆಯ ದಿನ ಜನ ಬರುತ್ತಾರೆ. ಈಜಲು ಹೋದ ಮಕ್ಕಳು ಮನೆಗೆ ಮರಳಲಿಲ್ಲ ಎಂಬ ಸುದ್ದಿಯನ್ನೂ ಆಗಾಗ ಓದುತ್ತೇವೆ. ಇನ್ನೊಂದು ಕಡೆ, ಇದನ್ನು ಸುಮ್ನೆ ಬಿಡುವ ಬದಲು ಪಾರ್ಕ್ ಮಾಡಬಾರದಾ, ಹಕ್ಕಿಗಳಿಗೆ ಬಿಡಬಾರದಾ ಎಂದು ಊರವರು ಕೇಳುತ್ತಾರೆ. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಹಕ್ಕಿಯ ಪ್ರಶ್ನೆಗೂ ಮಕ್ಕಳ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ: ಆ ನೀರಿಗೆ ದಡ ಇದೆಯೇ, ಇಲ್ಲವೇ?

ಗುಂಡಿ ಹುಟ್ಟುವುದು ಹೇಗೆ

ಕ್ವಾರಿ ಅಂದರೆ ಬಯಲಿನಲ್ಲೇ ಬಂಡೆ ಒಡೆದು ಕಲ್ಲು ತೆಗೆಯುವ ಜಾಗ. ನಮ್ಮ ಕಡೆ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ಅದರ ಹತ್ತಿರದ ಸಂಬಂಧಿಯಾದ ನೈಸ್ ಶಿಲೆ. ಪಾವಗಡ, ಮಧುಗಿರಿ ಭಾಗದಲ್ಲಿ ಹಾದುಹೋಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಮಾಲೂರಿನ ಟೇಕಲ್, ಶಿವಾರಪಟ್ಟಣದಂಥ ಊರುಗಳಲ್ಲಿ ಕಲ್ಲಿನ ಕೆಲಸವೇ ಬದುಕು. ಭೋವಿ ಸಮುದಾಯದವರು ತಲೆಮಾರುಗಳಿಂದ ಬಂಡೆಯನ್ನೂ ಒಡೆದಿದ್ದಾರೆ, ಕೆರೆಯ ಮಣ್ಣನ್ನೂ ಹೊತ್ತಿದ್ದಾರೆ. ನಾವು ಕುಡಿದ ಎಷ್ಟೋ ಕೆರೆಗಳ ನೀರಿನ ಹಿಂದೆ ಅವರ ಬೆವರಿದೆ.

ಮೊದಲು ಉಳಿ, ಸುತ್ತಿಗೆ, ಬೆಂಕಿಯಲ್ಲಿ ಆಗುತ್ತಿದ್ದ ಕೆಲಸ ಈಗ ಡ್ರಿಲ್, ಸ್ಫೋಟಕ, ಹಿಟಾಚಿಗಳಿಂದ ಆಗುತ್ತದೆ. ಒಡೆದ ಕಲ್ಲು ಕ್ರಷರ್‌ಗೆ ಹೋಗಿ ಜಲ್ಲಿಯಾಗುತ್ತದೆ, ಇನ್ನೂ ನುಣ್ಣಗಾಗಿ ಎಂ-ಸ್ಯಾಂಡ್ ಆಗುತ್ತದೆ. ಬೆಂಗಳೂರು ಬೆಳೆದಷ್ಟೂ ಗುಂಡಿ ಆಳವಾಗುತ್ತದೆ. ಬೆಟ್ಟ ಕರಗುವುದು ಮೊದಲು. ನೆಲಮಟ್ಟ ಮುಟ್ಟಿದ ಮೇಲೆ ಕೆಳಕ್ಕೆ ಇಳಿಯುತ್ತಾರೆ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಂಡೆಯನ್ನು ಮೇಲಿಂದ ಕೆಳಕ್ಕೆ ನೇರ ಗೋಡೆಯಂತೆ ಕಡಿಯಬಾರದು, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು ಎಂಬುದು ಗಣಿ ಸುರಕ್ಷತೆಯ ನಿಯಮ. ಈ ಮೆಟ್ಟಿಲನ್ನು ಬೆಂಚ್ ಅನ್ನುತ್ತಾರೆ. ಕೆಲಸಗಾರರ ಮೇಲೆ ಬಂಡೆ ಉರುಳದಿರಲಿ ಎಂದು ಮಾಡಿದ ನಿಯಮ ಇದು. ಆದರೆ ಎಷ್ಟೋ ಗುಂಡಿಗಳ ಗೋಡೆ ಕುಡುಗೋಲಲ್ಲಿ ಕೊಯ್ದ ಹಾಗೆ ನೆಟ್ಟಗಿರುವುದನ್ನು ನೀವೇ ಹೋಗಿ ನೋಡಬಹುದು.

ನೀರು ಎಲ್ಲಿಂದ ಬಂತು, ಯಾಕೆ ನಿಂತಿತು

ಗ್ರಾನೈಟ್ ಸ್ಪಂಜಿನಂತಲ್ಲ. ಅದರ ಮೈಯೊಳಗೆ ನೀರು ಇಂಗುವುದಿಲ್ಲ. ನೀರು ಇರುವುದು ಅದರ ಬಿರುಕುಗಳಲ್ಲಿ ಮಾತ್ರ. ನಮ್ಮ ಕಡೆ ಒಂದು ಬೋರ್‌ವೆಲ್‌ಗೆ ನೀರು ಸಿಕ್ಕಿ, ಪಕ್ಕದಲ್ಲೇ ಕೊರೆಸಿದ ಇನ್ನೊಂದು ಬರಿದಾಗುವುದು ಇದೇ ಕಾರಣಕ್ಕೆ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು.

ಕ್ವಾರಿ ಗುಂಡಿಗೆ ಮೂರು ದಾರಿಯಲ್ಲಿ ನೀರು ಬರುತ್ತದೆ. ಒಂದು, ನೇರವಾಗಿ ಬೀಳುವ ಮಳೆ. ಎರಡು, ಸುತ್ತಲಿನ ನೆಲದಿಂದ ಹರಿದು ಬರುವ ನೀರು. ಮೂರು, ಬಿರುಕುಗಳಿಂದ ಜಿನುಗುವ ಅಂತರ್ಜಲ. ಕೆಲಸ ನಡೆಯುವಾಗ ಪಂಪ್ ಇಟ್ಟು ಈ ನೀರನ್ನು ಹೊರಗೆ ಹಾಕುತ್ತಿರುತ್ತಾರೆ. ಪಂಪ್ ನಿಂತ ದಿನ ಗುಂಡಿ ತುಂಬಲು ಶುರುವಾಗುತ್ತದೆ.

ನಮ್ಮದು ಬರದ ಸೀಮೆ. ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಆಸುಪಾಸು ಮಳೆ. ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಅಗಲದ ಗುಂಡಿಗೆ ಅಷ್ಟು ಮಳೆ ಬಿದ್ದರೆ 70 ಲಕ್ಷ ಲೀಟರ್ ಆಯಿತು. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 1,400 ಲೋಡ್. ಆದರೆ ತೆರೆದ ನೀರಿನಿಂದ ಬಿಸಿಲು ಮತ್ತು ಗಾಳಿ ವರ್ಷಕ್ಕೆ ಒಂದೂವರೆ ಮೀಟರ್‌ಗೂ ಜಾಸ್ತಿ ನೀರನ್ನು ಹೀರಿಕೊಳ್ಳಬಲ್ಲವು. ಬಂದದ್ದಕ್ಕಿಂತ ಹೋಗುವುದೇ ಹೆಚ್ಚು. ಮತ್ತೆ ಗುಂಡಿಯಲ್ಲಿ ಬೇಸಿಗೆಯಲ್ಲೂ ನೀರು ಹೇಗೆ ಉಳಿಯುತ್ತದೆ?

ಉತ್ತರ ಆಳದಲ್ಲಿದೆ. ಅಗಲವಾದ ತಟ್ಟೆಗೆ ಹಾಕಿದ ಸಾರು ಬೇಗ ಆರುತ್ತದೆ, ಚೊಂಬಿನಲ್ಲಿದ್ದದ್ದು ನಿಧಾನ. ಆವಿಯ ವಿಷಯದಲ್ಲೂ ಹಾಗೆಯೇ. ಆವಿಯಾಗುವುದು ಮೇಲ್ಮೈಯಿಂದ ಮಾತ್ರ. ಗುಂಡಿಯ ಬಾಯಿ ಚಿಕ್ಕದು, ಹೊಟ್ಟೆ ಆಳ. ಗೋಡೆಗಳ ನೆರಳು ಬೇರೆ ಬೀಳುತ್ತದೆ, ಗಾಳಿಯೂ ಕೆಳಗೆ ಕಡಿಮೆ. ತಳದ ಬಂಡೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದಕ್ಕೇ ಊರ ಕೆರೆ ಒಣಗಿ ಬಿರುಕು ಬಿಟ್ಟ ಏಪ್ರಿಲ್‌ನಲ್ಲೂ ಕ್ವಾರಿಯಲ್ಲಿ ನೀರು ಕಾಣುತ್ತದೆ. ಬಾಯಾರಿದ ದನಕರು, ಈಜಲು ಜಾಗ ಸಿಗದ ಮಕ್ಕಳು ಅಲ್ಲಿಗೇ ಹೋಗುವುದಕ್ಕೂ ಇದೇ ಕಾರಣ.

ಆ ನೀರು ಕುಡಿಯಲು ಸರಿಯೇ? ನೋಡಲು ತಿಳಿಯಾಗಿದೆ ಎಂದು ನಂಬಬೇಡಿ. ಈ ಮೂರು ಜಿಲ್ಲೆಗಳ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಜಾಸ್ತಿ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗೆ ತೊಂದರೆ. ಗುಂಡಿಗೆ ಜಿನುಗುವುದೂ ಅದೇ ಅಂತರ್ಜಲ. ಸ್ಫೋಟಕದಲ್ಲಿರುವ ಅಮೋನಿಯಂ ನೈಟ್ರೇಟ್ ಉಳಿಕೆಯೂ ನೀರಿಗೆ ಸೇರಬಹುದು. ಪರೀಕ್ಷೆ ಮಾಡಿಸದೆ ಕುಡಿಯಬಾರದು.

ತಟ್ಟೆ ಮತ್ತು ಚೊಂಬು

ಈಗ ಕೆರೆಯನ್ನು ನೆನಪಿಸಿಕೊಳ್ಳಿ. ಗುಡಿಬಂಡೆಯ ಅಮಾನಿ ಬೈರಸಾಗರವೋ, ಕೋಲಾರಮ್ಮನ ಕೆರೆಯೋ, ನಿಮ್ಮೂರಿನ ಹೆಸರೇ ಇಲ್ಲದ ಕಟ್ಟೆಯೋ. ಒಂದು ಕಡೆ ಏರಿ, ಅದಕ್ಕೊಂದು ತೂಬು, ತುಂಬಿದರೆ ಹರಿಯಲು ಕೋಡಿ. ಏರಿಯ ಹತ್ತಿರ ಆಳ, ಹಿಂದಕ್ಕೆ ಹೋದ ಹಾಗೆ ಆಳ ಕಡಿಮೆಯಾಗುತ್ತಾ ಕೊನೆಗೆ ಹೊಲದಲ್ಲಿ ಕಲೆತುಹೋಗುತ್ತದೆ. ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. ಆ ಗೆರೆ ಇಲ್ಲದ ಜಾಗವೇ ಹಕ್ಕಿಗಳಿಗೆ ಪ್ರಾಣ.

ಯಾಕೆ? ಬಿಸಿಲು ತಳ ಮುಟ್ಟುವಷ್ಟು ಕಡಿಮೆ ನೀರಿನಲ್ಲಿ ಗಿಡ ಬೆಳೆಯುತ್ತದೆ. ಗಿಡ ಇದ್ದರೆ ಹುಳ, ಬಸವನಹುಳು, ಸಣ್ಣ ಮೀನು. ಅವನ್ನು ಹುಡುಕಿಕೊಂಡು ಹಕ್ಕಿ. ಕೆರೆ ಒಂದು ಸಂತೆ ಇದ್ದ ಹಾಗೆ. ಒಂದೊಂದು ಆಳದಲ್ಲಿ ಒಂದೊಂದು ಅಂಗಡಿ. ಒದ್ದೆ ಮಣ್ಣಿನಲ್ಲಿ ಗೊರವ ಕೊಕ್ಕು ಚುಚ್ಚುತ್ತದೆ. ಒಂದು ಗೇಣು ನೀರಿನಲ್ಲಿ ಮೆಟ್ಟುಗಾಲು ಹಕ್ಕಿ ನಡೆದಾಡುತ್ತದೆ. ಇನ್ನೂ ಸ್ವಲ್ಪ ಒಳಗೆ ಬೂದು ಬಕ ಅಲುಗಾಡದೆ ಕಾಯುತ್ತದೆ. ಮೊಣಕಾಲುದ್ದದ ನೀರಿನಲ್ಲಿ ವರಟೆ, ಚಲುಕದ ಬಾತುಗಳು ತೇಲುತ್ತಾ ಮೇಯುತ್ತವೆ. ವರಟೆ ತಲೆ ಕೆಳಗೆ ಮಾಡಿ ಬಾಲ ಮೇಲೆತ್ತುವುದನ್ನು ನೋಡಿದ್ದೀರಲ್ವಾ? ಅದರ ಕೊಕ್ಕು ತಳ ಮುಟ್ಟುವವರೆಗೆ ಮಾತ್ರ ಅದಕ್ಕೆ ಊಟ. ಎಲೆಗಳ ಮೇಲೆ ದೇವನಕ್ಕಿ ಓಡಾಡುತ್ತದೆ, ಜೊಂಡಿನ ಅಂಚಿನಲ್ಲಿ ನಾಮದ ಕೋಳಿ.

ಕ್ವಾರಿ ಗುಂಡಿಯಲ್ಲಿ ಈ ಸಂತೆಯ ಬೀದಿಯೇ ಇಲ್ಲ. ಗೋಡೆಯಿಂದ ಒಂದು ಹೆಜ್ಜೆ ಇಟ್ಟರೆ ಆಳ. ತಳಕ್ಕೆ ಬೆಳಕು ಹೋಗುವುದಿಲ್ಲ. ತಳದಲ್ಲಿ ಮಣ್ಣೂ ಇಲ್ಲ, ಬರೀ ಕಲ್ಲು ಮತ್ತು ಕ್ರಷರ್ ಧೂಳಿನ ಕೆಸರು. ಅದಕ್ಕೇ ಐವತ್ತು ಎಕರೆ ಕೆರೆಯಲ್ಲಿ ಕಾಣುವಷ್ಟು ಬಗೆಯ ಹಕ್ಕಿ ಐವತ್ತು ಎಕರೆ ಕ್ವಾರಿ ನೀರಿನಲ್ಲಿ ಕಾಣುವುದಿಲ್ಲ. ನೀರಿನ ವಿಸ್ತಾರಕ್ಕಿಂತ ದಡದ ಉದ್ದ ಮತ್ತು ಇಳಿಜಾರು ಮುಖ್ಯ.

ನಮ್ಮ ಕೆರೆಗಳಿಗೂ ಈಗ ಇದೇ ರೋಗ ತಗುಲಿದೆ. ಮರಳಿಗಾಗಿ ಕೆರೆಯಂಗಳದ ಮಣ್ಣು ತೋಡಿ, ತೊಳೆದು ಫಿಲ್ಟರ್ ಮರಳು ತೆಗೆದ ಕಡೆ, ಇಟ್ಟಿಗೆಗೆ ಮಣ್ಣು ಎತ್ತಿದ ಕಡೆ ದಿಢೀರನೆ ಆಳವಾಗುವ ಹಳ್ಳಗಳಿವೆ. ನೀರು ತುಂಬಿದ ಮೇಲೆ ಅವು ಕಾಣುವುದಿಲ್ಲ. ತಟ್ಟೆಯಂಥ ಕೆರೆಯೊಳಗೆ ಚೊಂಬುಗಳನ್ನು ಹೂತ ಹಾಗಾಗಿದೆ.

ಇಂಗ್ಲೆಂಡಿನ ಗ್ರ್ಯಾವೆಲ್ ಗುಂಡಿಗಳು

ಗಣಿ ಗುಂಡಿಗಳು ಹಕ್ಕಿಧಾಮಗಳಾದ ಕತೆ ಹೇಳುವಾಗ ಎಲ್ಲರೂ ತೋರಿಸುವುದು ಯುರೋಪನ್ನು. ಹಾಗಾಗಿ ಅಲ್ಲಿ ಏನಾಯಿತು ಎಂದು ತಿಳಿಯುವುದು ಒಳ್ಳೆಯದು.

ಅಲ್ಲಿನ ಗುಂಡಿಗಳು ಬಂಡೆಯವಲ್ಲ. ಹಿಮಯುಗದಲ್ಲಿ ಹಿಮನದಿಗಳೂ ಅವುಗಳಿಂದ ಹರಿದ ಹೊಳೆಗಳೂ ಕಣಿವೆಗಳಲ್ಲಿ ಮರಳು ಮತ್ತು ಉರುಟು ಕಲ್ಲುಗಳನ್ನು ತಂದು ಹಾಸಿದವು. ಆ ಉರುಟು ಕಲ್ಲೇ ಗ್ರ್ಯಾವೆಲ್. ಕಾಂಕ್ರೀಟಿಗೆ ಅದು ಬೇಕು. ಎರಡನೇ ಮಹಾಯುದ್ಧದ ನಂತರ ಮನೆ, ರಸ್ತೆಗಳಿಗಾಗಿ ಅದನ್ನು ಜೋರಾಗಿ ತೋಡಿದರು. ನದಿ ಪಕ್ಕದ ನೆಲವಾದ್ದರಿಂದ ಕೆಲವೇ ಅಡಿ ಕೆಳಗೆ ಅಂತರ್ಜಲ ಸಿಗುತ್ತದೆ. ತೋಡುವುದು ನಿಂತರೆ ಗುಂಡಿ ತಾನಾಗಿಯೇ ಕೆರೆಯಾಗುತ್ತದೆ. ಆಳವೂ ಸಾಮಾನ್ಯವಾಗಿ ಕೆಲವೇ ಮೀಟರ್. ದಡ ಸಡಿಲ ಮಣ್ಣಿನದು, ಬುಲ್ಡೋಜರ್‌ನಿಂದ ಒಂದೆರಡು ದಿನದಲ್ಲಿ ಇಳಿಜಾರು ಮಾಡಬಹುದು.

ನಾಟಿಂಗ್‌ಹ್ಯಾಮ್ ಹತ್ತಿರ ಟ್ರೆಂಟ್ ನದಿಯ ಬದಿಯ ಅಟೆನ್‌ಬರೋದಲ್ಲಿ 1929ರಿಂದ ಗ್ರ್ಯಾವೆಲ್ ತೆಗೆಯುತ್ತಿದ್ದರು. ಆ ಗುಂಡಿಗಳು 1966ರಲ್ಲಿ ನಿಸರ್ಗಧಾಮವಾದವು. ಅದನ್ನು ಉದ್ಘಾಟಿಸಿದವರು ಅದೇ ಹೆಸರಿನ, ಟಿವಿಯ ನಿಸರ್ಗ ಕಾರ್ಯಕ್ರಮಗಳಿಂದ ಹೆಸರಾದ ಡೇವಿಡ್ ಅಟೆನ್‌ಬರೋ. ಕೆಂಟ್ ಪ್ರಾಂತ್ಯದ ಸೆವೆನೋಕ್ಸ್‌ನಲ್ಲಿ ಜೆಫ್ರಿ ಹ್ಯಾರಿಸನ್ ಎಂಬ ವೈದ್ಯರು 1956ರಲ್ಲಿ ಇನ್ನೂ ಮೊದಲೇ ಕೆಲಸ ಶುರುಮಾಡಿದ್ದರು. ಬಾತುಗಳು ಏನು ತಿನ್ನುತ್ತವೆ ಎಂದು ನೋಡಿ ಆ ಗಿಡಗಳನ್ನು ನೆಡುವುದು, ನಡುಗಡ್ಡೆ ಮಾಡುವುದು, ದಡವನ್ನು ಇಳಿಜಾರು ಮಾಡುವುದು ಅವರ ದಾರಿ. ಕಣ್ಣಿನ ಸುತ್ತ ಹಳದಿ ಬಳೆ ಇರುವ ಲಿಟಲ್ ರಿಂಗ್ಡ್ ಪ್ಲವರ್ ಎಂಬ ಪುಟ್ಟ ದಡದ ಹಕ್ಕಿ ಬ್ರಿಟನ್‌ನಲ್ಲಿ ಮೊದಲು ಮರಿ ಮಾಡಿದ್ದು 1938ರಲ್ಲಿ. ಆಮೇಲೆ ಅದು ಆ ದೇಶದಲ್ಲಿ ಹರಡಿಕೊಂಡದ್ದು ಹೆಚ್ಚಾಗಿ ಗ್ರ್ಯಾವೆಲ್ ಗುಂಡಿಗಳ ಬರಿ ನೆಲದಲ್ಲೇ. ಮಣ್ಣಿನ ನೇರ ಗೋಡೆಯಲ್ಲಿ ಬಿಲ ಕೊರೆಯುವ ಮರಳು ಅಂಬರಗುಬ್ಬಿಗೂ ಅಲ್ಲಿ ಮನೆ ಸಿಕ್ಕಿತು.

ಜೌಗು ಪ್ರದೇಶಗಳ ರಕ್ಷಣೆಗೆ 1971ರಲ್ಲಿ ಆದ ರಾಮ್ಸರ್ ಒಪ್ಪಂದದ ವರ್ಗೀಕರಣದಲ್ಲಿ ಮನುಷ್ಯ ಮಾಡಿದ ಜೌಗು ಪ್ರದೇಶಗಳ ಪಟ್ಟಿಯಿದೆ. ಅದರಲ್ಲಿ ಗ್ರ್ಯಾವೆಲ್, ಇಟ್ಟಿಗೆ ಮಣ್ಣು, ಗಣಿಗಾರಿಕೆಯ ಗುಂಡಿಗಳಿಗೂ ಒಂದು ಸಾಲು ಇದೆ. ಅಂದರೆ ಮನುಷ್ಯ ತೋಡಿದ್ದು ಎಂಬ ಕಾರಣಕ್ಕೆ ಯಾವ ನೀರನ್ನೂ ತಳ್ಳಿಹಾಕಬೇಕಿಲ್ಲ. ನಮ್ಮ ರಾಜ್ಯದಲ್ಲೇ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಗದಗದ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಕಟ್ಟಿದ ಕೆರೆಗಳೇ.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಅವರ ಗುಂಡಿ ಮಣ್ಣಿನದು, ನಮ್ಮದು ಗ್ರಾನೈಟ್. ಅಲ್ಲಿನ ಫೋಟೋ ತೋರಿಸಿ ಇಲ್ಲೂ ಹಾಗೇ ಆಗುತ್ತದೆ ಎಂದರೆ ಒಪ್ಪಲಾಗದು. ನಮ್ಮಲ್ಲಿ ಅವರ ಗುಂಡಿಗೆ ಹತ್ತಿರವಾದದ್ದು ರಸ್ತೆಗೆ ಗರಸು ಮಣ್ಣು ತೆಗೆದ ಸಣ್ಣ ಹಳ್ಳಗಳು. ಆಳ ಕಡಿಮೆ ಇರುವ ಕಡೆ ಮಳೆಗಾಲದಲ್ಲಿ ಅವುಗಳಲ್ಲಿ ಬೆಳ್ಳಕ್ಕಿ, ಗೊರವ ಬೇಗ ಬಂದು ಸೇರುತ್ತವೆ. ಯಾರೂ ಅವನ್ನು ಗಮನಿಸುವುದಿಲ್ಲ ಅನ್ನುವುದೇ ನನ್ನ ಬೇಸರ.

ನಮ್ಮ ಗುಂಡಿಯಲ್ಲಿ ಯಾರಿದ್ದಾರೆ

ಹಾಗಂತ ಬಂಡೆ ಕ್ವಾರಿಗೆ ಯಾರೂ ಬರುವುದಿಲ್ಲ ಎಂದಲ್ಲ. ಬರುವವರು ಬೇರೆ.

ಗೋಡೆಯೇ ಬೇಕು ಅನ್ನುವ ಹಕ್ಕಿಗಳಿವೆ. ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ. ಬಂಡೆಯ ಹಾಸಿನ ಮೇಲೆ, ನೆಲದಲ್ಲೇ ಮೊಟ್ಟೆ ಇಡುತ್ತದೆ. ಜನ ಬಾರದ ಹಳೇ ಕ್ವಾರಿಯ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸುತ್ತಲಿನ ಹೊಲದ ಇಲಿಗಳನ್ನು ಹಿಡಿಯುವುದರಿಂದ ರೈತರಿಗೂ ಉಪಕಾರವೇ. ಕಂದು ಬಣ್ಣದ ಬಂಡೆ ಅಂಬರಗುಬ್ಬಿಗಳು ಗೋಡೆಗೆ ಮಣ್ಣಿನ ಗೂಡು ಅಂಟಿಸಿ ನೀರಿನ ಮೇಲೆ ಸೊಳ್ಳೆ, ನೊಣ ಹಿಡಿಯುತ್ತವೆ. ಮೇಲ್ಭಾಗದಲ್ಲಿ ಮಣ್ಣಿನ ಪದರ ಉಳಿದಿದ್ದರೆ ಕಳ್ಳಿಪೀರ, ಮಿಂಚುಳ್ಳಿಗಳು ಬಿಲ ಕೊರೆಯುತ್ತವೆ. ರಾಶಿ ಹಾಕಿದ ಜಲ್ಲಿ, ಚೂರುಗಲ್ಲಿನ ನಡುವೆ ಟಿಟ್ಟಿಭ ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೈಮೇಲಿನ ಚುಕ್ಕೆ ಕಲ್ಲಿನ ಹಾಗೇ ಇರುವುದರಿಂದ ಕಾಲಿಟ್ಟರೂ ಗೊತ್ತಾಗುವುದಿಲ್ಲ, ನೋಡಿ ನಡೆಯಬೇಕು.

ನೀರಿಗೆ ಬರುವವರಲ್ಲಿ ಮೊದಲಿಗರು ಮುಳುಗಿ ಮೀನು ಹಿಡಿಯುವವರು. ಗುಳುಮುಳುಕ, ನೀರುಕಾಗೆ. ಇವಕ್ಕೆ ತಳ ಸಿಗದಿದ್ದರೂ ನಡೆಯುತ್ತದೆ. ಯಾರೋ ತಂದು ಬಿಟ್ಟ ಜಿಲೇಬಿ ಮೀನು ಹೆಚ್ಚಿಕೊಂಡಿದ್ದರೆ ನೀರುಕಾಗೆಗಳ ಗುಂಪೇ ಇಳಿಯುತ್ತದೆ. ಆದರೆ ಗುಳುಮುಳುಕ ಗೂಡು ಕಟ್ಟಬೇಕಾದರೆ ತೇಲುವ ಗಿಡ, ಜೊಂಡು ಬೇಕು. ದಡ ಇಲ್ಲದ ಕಡೆ ಅದು ಉಂಡು ಹೋಗುವ ನೆಂಟ, ಮನೆಯವನಲ್ಲ.

ಶಿರಾ ತಾಲ್ಲೂಕಿನ ಕಗ್ಗಲಡು ಗೊತ್ತಿದ್ದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಮಾಡುತ್ತವೆ. ಊರವರು ಅವನ್ನು ತಮ್ಮ ಮಕ್ಕಳ ಹಾಗೆ ಕಾಯುತ್ತಾರೆ. ಮರ ಕೊಡುವುದು ಊರು, ಆದರೆ ಊಟ ಕೊಡುವುದು ಸುತ್ತಲಿನ ಕೆರೆಗಳ ಕಡಿಮೆ ನೀರು. ಬಣ್ಣದ ಕೊಕ್ಕರೆ ನಡೆದೇ ಮೀನು ಹಿಡಿಯಬೇಕು. ನೂರು ಅಡಿ ಆಳದ ಕ್ವಾರಿ ಪಕ್ಕದಲ್ಲೇ ಇದ್ದರೂ ಅದಕ್ಕೆ ಪ್ರಯೋಜನವಿಲ್ಲ.

ಮತ್ತೊಂದು ಹಕ್ಕಿಯ ಹೆಸರು ಹೇಳದೆ ಮುಂದೆ ಹೋಗಲಾರೆ. ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಕುರುಚಲು ಗಿಡಗಳ ಬಂಡೆ ಬೆಟ್ಟಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟ, ದೇವರಾಯನದುರ್ಗಕ್ಕೆ ದೂರದೂರದಿಂದ ಜನ ಇದನ್ನೇ ನೋಡಲು ಬರುತ್ತಾರೆ. ಅಪಾಯದಲ್ಲಿರುವ ಹಕ್ಕಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೂ ಇದೆ. ಅದರ ಬೆಟ್ಟವನ್ನು ಒಡೆದ ಮೇಲೆ ಆ ಗುಂಡಿಗೆ ನೀರುಕಾಗೆ ಬಂದರೆ ಲೆಕ್ಕ ಸಮವಾಗುವುದಿಲ್ಲ. ಕ್ವಾರಿ ಕೆರೆಯನ್ನು ಚೆನ್ನಾಗಿ ಮಾಡೋಣ, ಆದರೆ ಕೆರೆ ಸಿಗುತ್ತದೆ ಎಂಬುದು ಹೊಸ ಬೆಟ್ಟ ಒಡೆಯಲು ನೆಪವಾಗಬಾರದು.

ಈಜು ಬಂದವರೂ ಮುಳುಗುವುದು ಏಕೆ

ಕೆರೆಯಲ್ಲಿ ಈಜು ಕಲಿತವರು ಕ್ವಾರಿಯಲ್ಲಿ ಸೋಲುತ್ತಾರೆ. ಕಾರಣಗಳು ಸರಳ.

ಕೆರೆಯಲ್ಲಿ ಸುಸ್ತಾದರೆ ನಾಲ್ಕು ಕೈ ಬೀಸಿದರೆ ಕಾಲಿಗೆ ನೆಲ ಸಿಗುತ್ತದೆ. ಕ್ವಾರಿಯಲ್ಲಿ ಗೋಡೆ ಸಿಗುತ್ತದೆ. ಗೋಡೆಯ ಮೇಲೆ ಪಾಚಿ. ಹಿಡಿಯಲು ಬೇರಿಲ್ಲ, ಹುಲ್ಲಿಲ್ಲ, ಕಾಲಿಡಲು ಮೆಟ್ಟಿಲಿಲ್ಲ. ನೀರಿನಿಂದ ಮೇಲಿನ ನೆಲಕ್ಕೆ ಹತ್ತು ಅಡಿ ಇದ್ದರೂ ಸಾಕು, ಹತ್ತಲಾಗದು. ದಡಕ್ಕೆ ಈಜಿ ಬಂದೂ ದಡ ಸಿಗದೆ ದಣಿಯುತ್ತಾರೆ.

ಎರಡನೆಯದು ತಣ್ಣನೆಯ ನೀರು. ಬಿಸಿಲಿಗೆ ಮೇಲಿನ ಪದರ ಬೆಚ್ಚಗಾಗುತ್ತದೆ. ಬೆಚ್ಚನೆ ನೀರು ಹಗುರ, ಹಾಗಾಗಿ ಮೇಲೇ ಉಳಿಯುತ್ತದೆ. ಗಾಳಿ ಕಡಿಮೆ ಇರುವ ಆಳದ ಗುಂಡಿಯಲ್ಲಿ ಕೆಳಗಿನ ನೀರು ಕಲೆಯದೆ ತಣ್ಣಗೇ ಇರುತ್ತದೆ. ಎತ್ತರದಿಂದ ಹಾರಿದವನು ಬೆಚ್ಚನೆ ಪದರ ದಾಟಿ ಒಮ್ಮೆಲೇ ತಣ್ಣೀರಿಗೆ ಇಳಿಯುತ್ತಾನೆ. ಉಸಿರು ಎಳೆದುಕೊಳ್ಳಬೇಕು ಅನಿಸುತ್ತದೆ, ಅದು ನೀರಿನೊಳಗೆ.

ಮೂರನೆಯದು, ಒಳಗೆ ಏನಿದೆ ಎಂದು ಕಾಣದಿರುವುದು. ಅರ್ಧ ಒಡೆದ ಬಂಡೆ, ಕಬ್ಬಿಣದ ಸರಳು, ತಂತಿ, ಮುಳುಗಿದ ಜಾಲಿ ಗಿಡ. ಹೋದ ವರ್ಷ ಹಾರಿದ ಜಾಗದಲ್ಲೇ ಈ ವರ್ಷ ಹಾರಿದರೂ ನೀರಿನ ಮಟ್ಟ ಬೇರೆ ಇರುತ್ತದೆ. ಗುಂಡಿಯ ಅಂಚೂ ಗಟ್ಟಿ ಇರುವುದಿಲ್ಲ. ಸ್ಫೋಟದಿಂದ ಸಡಿಲವಾದ ಕಲ್ಲು ನಿಂತವರ ಭಾರಕ್ಕೆ ಕಳಚಬಹುದು. ಲಾರಿ ದಾರಿಯೂ ಪೂರ್ತಿ ಸುರಕ್ಷಿತವಲ್ಲ. ಅದರ ಪಕ್ಕಕ್ಕೆ ಎರಡು ಹೆಜ್ಜೆ ಜರುಗಿದರೆ ಮತ್ತೆ ಅದೇ ಆಳ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಮುಳುಗುವವರು ಕಾಪಾಡಲು ಬಂದವರನ್ನೇ ತಬ್ಬಿ ಕೆಳಗೆಳೆಯುತ್ತಾರೆ, ಗಾಬರಿಯಲ್ಲಿ ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಹಗ್ಗ, ಪಂಚೆ, ಸೀರೆ, ವೇಲ್ ಏನು ಸಿಕ್ಕರೂ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಒಬ್ಬರನ್ನು ತೇಲಿಸಬಲ್ಲದು. 112ಕ್ಕೆ ಫೋನ್ ಮಾಡಿ. ಮೇಲಕ್ಕೆ ತಂದವರು ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಹೊತ್ತು ಕಳೆಯಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತುವುದನ್ನು ಶುರುಮಾಡಬೇಕು.

ಚೊಂಬಿಗೆ ದಡ ಕಟ್ಟುವುದು

ಒಳ್ಳೆಯ ವಿಷಯವೆಂದರೆ ಹಕ್ಕಿಗೆ ಬೇಕಾದದ್ದೂ ಮಗುವಿಗೆ ಬೇಕಾದದ್ದೂ ಒಂದೇ. ಸಣ್ಣ ಇಳಿಜಾರು. ಅದನ್ನು ಮಾಡುವ ದಾರಿಗಳಿವೆ.

ಬೆಂಚ್‌ಗಳು ಇದ್ದರೆ ಅರ್ಧ ಕೆಲಸ ಆದ ಹಾಗೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಇರುವ ಬೆಂಚ್ ಮೇಲೆ ಮಣ್ಣು ಹಾಕಿದರೆ ಅದೇ ಒಂದು ಕಡಿಮೆ ನೀರಿನ ಜಗುಲಿಯಾಗುತ್ತದೆ. ಅಲ್ಲಿ ಜೊಂಡು ಬೇರೂರುತ್ತದೆ, ಏರೋಪ್ಲೇನ್ ಚಿಟ್ಟೆ ಬರುತ್ತದೆ, ಹಿಂದೆಯೇ ಹಕ್ಕಿ. ಕ್ವಾರಿ ಶುರುಮಾಡುವಾಗ ತೆಗೆದ ಮೇಲ್ಮಣ್ಣನ್ನು ಮಾರದೆ ಒಂದು ಕಡೆ ಇಟ್ಟಿದ್ದರೆ ಈ ಕೆಲಸಕ್ಕೆ ಅದೇ ಸಾಕು. ಬೆಂಚ್ ಇಲ್ಲದ ಕಡೆ ವೇಸ್ಟ್ ಕಲ್ಲನ್ನು ಒಂದು ಬದಿಯಿಂದ ಸುರಿದು ಇಳಿಜಾರು ಮಾಡಬಹುದು. ಬ್ರಿಟನ್‌ನ ಕೆಲವು ಸುಣ್ಣದ ಕಲ್ಲಿನ ಕ್ವಾರಿಗಳಲ್ಲಿ ಗೋಡೆಯ ಮೇಲ್ಭಾಗವನ್ನೇ ಲೆಕ್ಕ ಹಾಕಿ ಸಿಡಿಸಿ, ಬಿದ್ದ ಕಲ್ಲಿನಿಂದ ಇಳಿಜಾರು ಮಾಡಿದ್ದಾರೆ. ಇದು ಪರಿಣತರು ಮಾತ್ರ ಮಾಡಬೇಕಾದ ಕೆಲಸ. ಇದೆಲ್ಲ ಕ್ವಾರಿ ನಡೆಯುವಾಗಲೇ ಮಾಡಿದರೆ ಅಗ್ಗ. ಯಂತ್ರ ಅಲ್ಲೇ ಇರುತ್ತದೆ, ನೀರು ಇನ್ನೂ ತುಂಬಿರುವುದಿಲ್ಲ. ಮುಚ್ಚಿ ಹತ್ತು ವರ್ಷವಾದ ಮೇಲೆ ಯಾರೂ ಅಷ್ಟು ದುಡ್ಡು ಹಾಕುವುದಿಲ್ಲ.

ಏನೂ ಆಗದ ಗುಂಡಿಗೆ ತೇಲುವ ತೆಪ್ಪ ಒಂದು ಉಪಾಯ. ಬಿದಿರು ಅಥವಾ ಪೈಪಿನ ಚೌಕಟ್ಟಿನ ಮೇಲೆ ಜೊಂಡು ನೆಟ್ಟು ನೀರಿನ ನಡುವೆ ಕಟ್ಟುತ್ತಾರೆ. ನೀರು ಏರಿದರೂ ಇಳಿದರೂ ಅದೂ ಜೊತೆಗೆ ಹೋಗುತ್ತದೆ, ನಾಯಿಗಳು ತಲುಪುವುದಿಲ್ಲ.

ಎಲ್ಲ ಗುಂಡಿಗಳನ್ನೂ ತಿದ್ದಲಾಗುವುದಿಲ್ಲ, ತಿದ್ದಬೇಕಾಗಿಯೂ ಇಲ್ಲ. ಕೊಂಬಿನ ಗೂಬೆ ಇರುವ ಗೋಡೆಯನ್ನು ಹಾಗೇ ಬಿಟ್ಟು ಗಟ್ಟಿ ಬೇಲಿ ಹಾಕುವುದೇ ಸರಿ. ಮಾಡಲೇಬಾರದ ಕೆಲಸ ಒಂದಿದೆ, ಕಸ ಸುರಿಯುವುದು. ಬೆಂಗಳೂರಿನ ಹೊರವಲಯದಲ್ಲಿ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕ್ವಾರಿಗಳು ಕಸದ ಗುಂಡಿಗಳಾದವು. ನೀರು ಓಡಾಡುವುದು ಬಂಡೆಯ ಬಿರುಕಿನಲ್ಲಿ ಎಂದು ಮೊದಲೇ ಹೇಳಿದೆನಲ್ಲ. ಕಸದ ರಸ ಓಡಾಡುವುದೂ ಅದೇ ಬಿರುಕಿನಲ್ಲಿ, ಸುತ್ತಲಿನ ಬೋರ್‌ವೆಲ್‌ಗಳ ಕಡೆಗೆ.

ಬೋಟೂ ಹಕ್ಕಿಯೂ ಜೊತೆಗಿರಬಹುದೇ

ಇರಬಹುದು, ಆದರೆ ಒಂದೇ ಮೂಲೆಯಲ್ಲಿ ಅಲ್ಲ. ಬೋಟ್ ಹತ್ತಿರ ಬಂದರೆ ಬಾತುಗಳು ಎದ್ದು ಹಾರುತ್ತವೆ. ದೂರದಿಂದ ವಲಸೆ ಬಂದ ಹಕ್ಕಿಗೆ ಪ್ರತಿ ಸಲ ಹಾರುವುದೂ ಉಂಡದ್ದನ್ನು ಖರ್ಚು ಮಾಡಿದ ಹಾಗೆ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್‌ನಲ್ಲಿ ಗ್ರ್ಯಾವೆಲ್ ತೆಗೆದ 150ಕ್ಕೂ ಹೆಚ್ಚು ಕೆರೆಗಳಿವೆ. ಕೆಲವು ಈಜು ಮತ್ತು ದೋಣಿಗೆ, ಕೆಲವು ಹಕ್ಕಿಗೆ ಎಂದು ಅಲ್ಲಿ ಹಂಚಿದ್ದಾರೆ. ಒಂದೇ ಗುಂಡಿಯಿದ್ದರೆ ಅದನ್ನೇ ಎರಡು ಭಾಗ ಮಾಡಬಹುದು. ಜನ ಒಂದು ದಡಕ್ಕೆ, ಎದುರು ದಡ ಹಕ್ಕಿಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳಿರುವ ಕಾಲ, ಆಗ ಬೋಟ್ ನಿಲ್ಲಿಸಬಹುದು. ತುಮಕೂರು ಅಮಾನಿಕೆರೆಯಂಥ ಊರೊಳಗಿನ ಕೆರೆಗೆ ನಡಿಗೆ ದಾರಿ, ಬೋಟು ಒಪ್ಪುತ್ತದೆ. ಗೋಡೆ ತಿದ್ದದ ಕ್ವಾರಿಗೆ ಬೋಟು ಇಳಿಸುವುದು ಮಾತ್ರ ನನ್ನ ಪ್ರಕಾರ ತಪ್ಪು. ಮೊದಲು ದಡ, ಆಮೇಲೆ ಟಿಕೆಟ್.

ಹೊಣೆ ಯಾರದು

ಕಟ್ಟಡದ ಕಲ್ಲು, ಗರಸು, ಮರಳು ಇವನ್ನೆಲ್ಲ ಕಾನೂನು ಉಪಖನಿಜ ಎನ್ನುತ್ತದೆ. ಕೇಂದ್ರದ 1957ರ ಗಣಿ ಕಾಯ್ದೆ ಇವುಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕದ ನಿಯಮಗಳು 1994ರವು, ನೋಡಿಕೊಳ್ಳುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸಿ ಎಂದು ಅದೇ ಕೋರ್ಟ್ 2020ರ ಜನವರಿಯಲ್ಲಿ ಸೂಚಿಸಿತು.

ಪರಿಸರ ಅನುಮತಿ ಪತ್ರದಲ್ಲಿ ಷರತ್ತುಗಳು ಇರುತ್ತವೆ. ಬೇಲಿ, ಬೆಂಚ್, ಗಿಡ, ಮುಚ್ಚುವಾಗ ಏನು ಮಾಡಬೇಕು ಎಂಬುದೆಲ್ಲ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಈ ಪತ್ರಗಳನ್ನು ಯಾರು ಬೇಕಾದರೂ ಹುಡುಕಬಹುದು. ಅದರ ಪ್ರತಿ ಹಿಡಿದು ಗ್ರಾಮಸಭೆಯಲ್ಲಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಅದೇ 1957ರ ಗಣಿ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಬೇಲಿಗೂ ದಡಕ್ಕೂ ಹಣ ಕೇಳಲು ಅದೂ ಒಂದು ಬಾಗಿಲು.

ಹಕ್ಕಿ ನೋಡುವವರಿಗೂ ಕೆಲಸವಿದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಜನ ಹೋಗುವುದು ಹೆಸರಾದ ಕೆರೆಗಳಿಗೆ. ಈ ಸಲ ನಿಮ್ಮೂರ ಗರಸು ಹಳ್ಳವನ್ನೂ ಕ್ವಾರಿಯನ್ನೂ ಎಣಿಸಿ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, ಸೂರ್ಯ ಬೆನ್ನಿಗಿರಲಿ, ಅಂಚಿನಿಂದ ಹಿಂದೆ ನಿಲ್ಲಿ, ಒಬ್ಬರೇ ಹೋಗಬೇಡಿ. ನೀರಿನ ಸುತ್ತ ಕಣ್ಣಾಡಿಸಿ ಲಾರಿ ದಾರಿ ಎಲ್ಲಿ ನೀರೊಳಗೆ ಇಳಿಯುತ್ತದೆ ಎಂದು ಮೊದಲು ಹುಡುಕಿ. ಮೆಟ್ಟುಗಾಲು ಹಕ್ಕಿಗಳು ಇದ್ದರೆ ಅಲ್ಲೇ ಇರುತ್ತವೆ.